ಗಾರ್ಡನ್ ಕೆಲಸದವರಿಗೆ ಕೊಡೋ ಅಡ್ವಾನ್ಸ್ ಜೀತ ಆಗುತ್ತಾ? ಕಾರ್ಖಾನೆಯಿಂದ ಫಾರಂ ಬಂದಿದೆ

ಹದಡಿ ರಸ್ತೆ ನರ್ಸರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಂದೊಂದು ಸಣ್ಣ ನರ್ಸರಿ. ಗಿಡ ಮಾರಿ ಬರೋದು ಅಷ್ಟಕ್ಕಷ್ಟೇ, ಗಾರ್ಡನ್ ನೋಡಿಕೊಳ್ಳೋ ಕೆಲಸದಿಂದ ಮನೆ ನಡೀತಿದೆ. ಎಂಸಿಸಿ ಬಿ ಬ್ಲಾಕ್, ವಿದ್ಯಾನಗರ, ಶಾಮನೂರು ರಸ್ತೆ ಕಡೆ ಮನೆಗಳು, ಎರಡು ಕಲ್ಯಾಣ ಮಂಟಪ, ಊರ ಹೊರಗಿನ ಒಂದು ಕಾರ್ಖಾನೆ. ಲಾನ್ ಕತ್ತರಿಸೋದು, ದುರಂಟಾ ಬೇಲಿ ಸವರೋದು, ಕಳೆ, ಗೊಬ್ಬರ, ಔಷಧಿ ಹೊಡೆಯೋದು. ಗಾಡಿ, ಯಂತ್ರ ನಮ್ಮ ಯಜಮಾನ್ರು ನೋಡ್ಕೊತಾರೆ. ಜನ, ದುಡ್ಡು ನನ್ನ ಪಾಲು.

ಆ ಕಾರ್ಖಾನೆಯ ಮೂಲ ಕಂಪನಿ ಇಂಗ್ಲೆಂಡಿನದು. ಈ ಸಲ ಕರಾರು ರಿನ್ಯೂ ಮಾಡಿಸೋಕೆ ಹೋದಾಗ ಪ್ಯಾನು, ಜಿಎಸ್‌ಟಿ ಕಾಗದದ ಜೊತೆ ಇನ್ನೊಂದು ಫಾರಂ ಕೊಟ್ಟರು. ಮೇಲೆ ದಪ್ಪಗೆ ಮಾಡರ್ನ್ ಸ್ಲೇವರಿ, ಅಂದರೆ ಈ ಕಾಲದ ಗುಲಾಮಗಿರಿ, ಅಂತ ಇದೆ. ಕೆಲಸಗಾರರನ್ನು ಯಾರು ಕರ್ಕೊಂಡು ಬರ್ತಾರೆ, ಕೆಲಸ ಕೊಡಿಸೋಕೆ ಅವರಿಂದ ಯಾರಾದರೂ ದುಡ್ಡು ತಗೊಂಡಿದ್ದಾರಾ, ಗುರುತಿನ ಚೀಟಿ ಯಾರ ಹತ್ತಿರ ಇದೆ, ಸಾಲ ಇದೆಯಾ, ಬೇಡ ಅನ್ನಿಸಿದಾಗ ಬಿಟ್ಟು ಹೋಗಬಹುದಾ, ಹೀಗೆ ಎರಡು ಪುಟ. ಪರ್ಚೇಸ್ ವಿಭಾಗದ ಹುಡುಗ, "ಸಮಸ್ಯೆ ಇಲ್ಲ ಅಂತ ಎಲ್ಲಾ ಕಡೆ ಟಿಕ್ ಮಾಡಿ ಸೀಲ್ ಹೊಡೀರಿ ಮೇಡಂ, ಎಲ್ರೂ ಅದನ್ನೇ ಮಾಡೋದು" ಅಂದ.

ಮನೆಗೆ ತಂದು ಪೆನ್ನು ಹಿಡ್ಕೊಂಡು ಕೂತೆ. ಒಂದೊಂದೇ ಪ್ರಶ್ನೆಗೆ ನನ್ನ ಜನರನ್ನು ನೆನೆಸಿಕೊಂಡಾಗ ಟಿಕ್ ಅಷ್ಟು ಸಲೀಸಾಗಿ ಬೀಳಲಿಲ್ಲ.

ನಿಟುವಳ್ಳಿ ಕಡೆಯಿಂದ ಬರೋ ಕಾಯಂ ಜನ ಇದ್ದಾರೆ. ಶನಿವಾರ ಸಂಜೆ ಬಟವಾಡೆ, ಗಂಡಾಳಿಗೆ 650, ಹೆಣ್ಣಾಳಿಗೆ 400, ನಮ್ಮ ಕಡೆ ನಡೆಯೋ ರೇಟು. ಇವರದು ತಕರಾರಿಲ್ಲ.

ಹರಪನಹಳ್ಳಿ ಕಡೆಯ ಗಂಡ ಹೆಂಡತಿ ನರ್ಸರಿ ಶೆಡ್ಡಲ್ಲೇ ಇದ್ದಾರೆ. ಬರುವಾಗ 30 ಸಾವಿರ ಅಡ್ವಾನ್ಸ್ ಇಸ್ಕೊಂಡರು. ವಾರಕ್ಕೆ 500 ಹಿಡ್ಕೊತೀನಿ, ಬಡ್ಡಿ ಇಲ್ಲ. ಆದರೆ ಹಬ್ಬಕ್ಕೆ, ಆಸ್ಪತ್ರೆಗೆ ಅಂತ ನಡುನಡುವೆ ಮತ್ತೆ ಇಸ್ಕೊತಾರೆ, ಬಾಕಿ ಇಳಿಯೋದೇ ಇಲ್ಲ. ಬಾಕಿ ತೀರೋ ತನಕ ಬೇರೆ ಕಡೆ ಹೋಗಂಗಿಲ್ಲ ಅಂತ ಯಜಮಾನ್ರು ಸೇರಿಸಿಕೊಳ್ಳುವಾಗಲೇ ಬಾಯಿಮಾತಲ್ಲಿ ಹೇಳಿದ್ದರು. ನಮ್ಮೂರಲ್ಲಿ ಯಾರು ಹೇಳಲ್ಲ ಹೇಳ್ರಿ. ಅವರ ಮಗಳಿಗೆ 12 ವರ್ಷ. ಶಾಲೆಗೆ ಹೋಗ್ತಾಳೆ, ರಜದಲ್ಲಿ ಅಮ್ಮನ ಪಕ್ಕ ಕೂತು ಕಪ್ಪು ಕವರಿಗೆ ಮಣ್ಣು ತುಂಬ್ತಾಳೆ.

ನಿದ್ದೆಗೆಡಿಸಿದ್ದು ಮಾತ್ರ ಇವರಲ್ಲ. ಕಾರ್ಖಾನೆ ಲಾನಿಗೆ ಒಬ್ಬ ಮೇಸ್ತ್ರಿ ಮೂವರು ಒಡಿಶಾ ಹುಡುಗರನ್ನು ಕಳಿಸ್ತಾನೆ. ತಲೆಗೆ 700ರಂತೆ ಮೇಸ್ತ್ರಿಗೇ ಕೊಡ್ತಿದ್ದೆ. ಫಾರಂ ನೋಡಿದ ಮೇಲೆ, ಇನ್ನು ಹುಡುಗರಿಗೇ ನೇರ ಹಾಕೋಣ ಅಂತ ಬ್ರಷ್ ಕಟರ್ ಇಳಿಸುವಾಗ ಅವರ ಫೋನ್‌ಪೇ ನಂಬರ್ ಕೇಳಿದೆ. ಮೊದಲನೆಯವನು ಹೇಳಿದ, ಬರ್ಕೊಂಡೆ. ಎರಡನೆಯವನೂ ಅದೇ ನಂಬರ್ ಹೇಳಿದ. ಮೂರನೆಯವನು ಬಾಯಿ ತೆಗೆಯೋ ಮೊದಲೇ ಗೊತ್ತಾಯ್ತು. ಫೋನಲ್ಲಿ ಹಾಕಿ ನೋಡಿದರೆ ಮೇಸ್ತ್ರಿ ಹೆಸರು ಬಂತು. ಆಧಾರ್ ಎಲ್ಲಿ ಅಂದರೆ "ಭಯ್ಯಾ ಕೆ ಪಾಸ್", ಮೇಸ್ತ್ರಿ ಹತ್ತಿರ ಅಂತ. ಊಟ ಗೀಟ ಚೆನ್ನಾಗಿದೆಯಾ ಅಂತ ಮೇಸ್ತ್ರಿ ಎದುರೇ ಕೇಳಿದರೆ ಮೂವರೂ "ಸಬ್ ಠೀಕ್ ಹೈ". ಠೀಕ್ ಇರೋ ಮುಖ ಅಲ್ಲ ಅದು.

ನನ್ನ ಅಡ್ವಾನ್ಸ್ ಜೀತದ ಲೆಕ್ಕಕ್ಕೆ ಬರುತ್ತಾ? ಮೇಸ್ತ್ರಿಯನ್ನು ಬಿಟ್ಟರೆ ಆ ಹುಡುಗರ ಗತಿ ಏನು? ಫಾರಂಗೆ ಏನು ಬರೀಲಿ? ಗೊತ್ತಿದ್ದವರು ಹೇಳಿ.

---

ಪಿ.ಜೆ. ಬಡಾವಣೆ ಲೆಕ್ಕಿಗ:

ಮೇಡಂ, ಫಾರಂ ವಿಷಯ ಮೊದಲು, ಅದು ನನ್ನ ಕಸುಬು. ಬ್ರಿಟನ್‌ನಲ್ಲಿ 2015ರಲ್ಲಿ ಮಾಡರ್ನ್ ಸ್ಲೇವರಿ ಕಾಯ್ದೆ ಬಂತು. ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ವಹಿವಾಟಿರುವ ಕಂಪನಿಗಳು ಪ್ರತಿ ವರ್ಷ ಒಂದು ಹೇಳಿಕೆ ಪ್ರಕಟಿಸಬೇಕು. ತಮ್ಮಲ್ಲಿ, ತಮಗೆ ಮಾಲು ಮತ್ತು ಸೇವೆ ಕೊಡುವವರಲ್ಲಿ ಬಲವಂತದ ದುಡಿಮೆ ಇಲ್ಲದಂತೆ ಏನು ಮಾಡಿದೆವು ಅಂತ. ಹಾಗಾಗಿ ಲಂಡನ್ನಿನ ಕಾಗದ ಕೈಯಿಂದ ಕೈಗೆ ಇಳಿದು ಹದಡಿ ರಸ್ತೆಗೆ ಬಂದಿದೆ. ಆ ಕಾಯ್ದೆ ನಿಮ್ಮನ್ನು ಕಟ್ಟಿಹಾಕಲ್ಲ. ಆದರೆ ಸೀಲ್ ಹೊಡೆದ ಫಾರಂ ಕಟ್ಟಿಹಾಕುತ್ತೆ. ಸುಳ್ಳು ಬರೆದಿದ್ದು ನಾಳೆ ಗೊತ್ತಾದರೆ ಕರಾರು ಹೋಗುತ್ತೆ, ಪರ್ಚೇಸ್ ಹುಡುಗ "ನಾನು ಹೇಳೇ ಇಲ್ಲ" ಅಂತಾನೆ.

ಅವರ ಭಯಕ್ಕೂ ಕಾರಣ ಇದೆ. 2004ರಲ್ಲಿ ಇಂಗ್ಲೆಂಡಿನ ಮೋರ್ಕಮ್ ಕೊಲ್ಲಿಯಲ್ಲಿ ಚಿಪ್ಪು ಆರಿಸುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಚೀನೀ ಕೂಲಿಗಳು ರಾತ್ರಿ ಉಬ್ಬರದ ನೀರಿಗೆ ಸಿಕ್ಕಿ ಸತ್ತರು. ಮೇಸ್ತ್ರಿ ಕರೆತಂದ ಜನ. ಕೃಷಿ, ಚಿಪ್ಪು ಆರಿಸುವಂಥ ಕೆಲಸಕ್ಕೆ ಕೂಲಿಗಳನ್ನು ಒದಗಿಸುವವರು ಲೈಸೆನ್ಸ್ ತಗೊಳ್ಳಲೇಬೇಕು ಅನ್ನೋ ಕಾನೂನು ಅದೇ ವರ್ಷ ಆಯ್ತು.

ನೀವು ಇದ್ದದ್ದು ಇದ್ದ ಹಾಗೆ ಬರೀರಿ. "ಮೂವರು ಮೇಸ್ತ್ರಿ ಮೂಲಕ ಬಂದವರು, ಗುರುತಿನ ಚೀಟಿ ಅವರ ಕೈಯಲ್ಲಿಲ್ಲ ಎಂದು ತಿಳಿದಿದೆ, ಇಂಥ ತಾರೀಖಿನೊಳಗೆ ಸರಿಪಡಿಸುತ್ತೇವೆ." ಇಂಥ ಫಾರಂ ನೂರಾರು ನೋಡಿದವರು ಎಲ್ಲಾ ಕಡೆ ಟಿಕ್ ಇರೋದನ್ನೇ ಮೊದಲು ಅನುಮಾನದಿಂದ ನೋಡ್ತಾರೆ.

ಜೊತೆಗೊಂದು ಕಾಗದ ನೀವೂ ಕೊಡಿ. ಕಾರ್ಖಾನೆ ಬಿಲ್ ಎಷ್ಟು ದಿನಕ್ಕೆ ಪಾಸಾಗುತ್ತೆ? ನನ್ನ ಕಕ್ಷಿದಾರರಿಗೆಲ್ಲ 90 ದಿನ. ಒಂದು ಕೈಯಲ್ಲಿ ಸ್ಲೇವರಿ ಫಾರಂ, ಇನ್ನೊಂದು ಕೈಯಲ್ಲಿ "ರೇಟ್ ಸ್ವಲ್ಪ ಇಳಿಸಿ". ಶನಿವಾರದ ಬಟವಾಡೆ ತಪ್ಪೋದು ಅಲ್ಲಿಂದಲೇ. ನೀವು ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗಿರೋ ಸರ್ಕಾರಿ ನೋಂದಣಿ) ಮಾಡಿಸಿದ್ದರೆ, ಸಣ್ಣ ಉದ್ದಿಮೆಗಳ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬಿಲ್ ಪಾವತಿ ಲಿಖಿತ ಕರಾರು ಇದ್ದರೂ 45 ದಿನ ಮೀರಂಗಿಲ್ಲ, ಇಲ್ಲದಿದ್ದರೆ 15. ಮಾಡಿಸಿಲ್ಲ ಅಂದರೆ ನಾಳೆಯೇ ಮಾಡಿಸಿ, ಫೀಸ್ ಇಲ್ಲ.

---

ಖೇಣಿ ಮಾಡೋನು, ಚನ್ನಗಿರಿ:

ಅಲ್ರಿ ಅಕ್ಕಾರೆ, ಅಡ್ವಾನ್ಸ್ ಕೊಟ್ಟರೆ ಜೀತ ಅನ್ನೋದಾದರೆ ಚನ್ನಗಿರಿ ತಾಲ್ಲೂಕಲ್ಲಿ ಅರ್ಧ ಜನ ಜೈಲಲ್ಲಿರಬೇಕು. ಅಡಿಕೆ ಸುಗ್ಗಿಗೆ ಕೊನೆ ಕೊಯ್ಯೋರು, ಸುಲಿಯೋರು ಯಾರು ಅಡ್ವಾನ್ಸ್ ಇಲ್ದೆ ಬರ್ತಾರೆ? ನಾವೇ ಅವರ ಕಾಲು ಹಿಡೀಬೇಕು. ಹೋದ ವರ್ಷ ಒಂದು ಗ್ಯಾಂಗು ದುಡ್ಡು ಇಸ್ಕೊಂಡು ಬೇರೆಯವರ ತೋಟಕ್ಕೆ ಹೋಯ್ತು. ಯಾರು ಯಾರಿಗೆ ಜೀತ? ಇಂಗ್ಲೆಂಡಿನವರ ಕಾಗದ ನೋಡಿ ಹೆದರಬ್ಯಾಡ್ರಿ.

---

ಹಳೇ ಲೇಬರ್ ಆಫೀಸು:

ಕಾರ್ಮಿಕ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಚನ್ನಗಿರಿ ಅಣ್ಣಾರಿಗೂ ನರ್ಸರಿ ಅಮ್ಮಾರಿಗೂ ಸೇರಿಸಿಯೇ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಅಡ್ವಾನ್ಸ್ ಕೊಡೋದು ಅಪರಾಧ ಅಲ್ಲ. ಅಡ್ವಾನ್ಸಿಗೆ ಏನು ಗಂಟು ಹಾಕ್ತೀರಿ ಅನ್ನೋದರಲ್ಲಿದೆ ಎಲ್ಲಾ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹೇಳೋದು ಇದು: ಮುಂಗಡದ ಬದಲಿಗೆ ಮನುಷ್ಯ ಕೂಲಿ ಇಲ್ಲದೆ ಅಥವಾ ಹೆಸರಿಗಷ್ಟು ಕೂಲಿಗೆ ದುಡಿಯೋದು ಜೀತ. ಬೇರೆ ಕಡೆ ಕೆಲಸ ಮಾಡೋ ಸ್ವಾತಂತ್ರ್ಯ ಬಿಟ್ಟುಕೊಡೋದು ಜೀತ. ಬೇಕಾದ ಕಡೆ ಓಡಾಡೋ ಹಕ್ಕು ಬಿಟ್ಟುಕೊಡೋದೂ ಜೀತ. ಇವಿಷ್ಟೂ ಇರಬೇಕು ಅಂತಿಲ್ಲ, ಒಂದಿದ್ದರೂ ಸಾಕು. ಸರಪಳಿ, ಕೋಣೆಗೆ ಬೀಗ, ಹೊಡೆತ, ಇವೆಲ್ಲ ಇದ್ದರೇ ಜೀತ ಅಂತ ಜನ ತಿಳ್ಕೊಂಡಿದ್ದಾರೆ. ಕಾಯ್ದೆ ಹಾಗೆ ಹೇಳಲ್ಲ. ಅಮ್ಮಾರೇ, ನಿಮ್ಮ ಯಜಮಾನ್ರು ಬಾಯಿಮಾತಲ್ಲಿ ಹೇಳಿದ ಆ ಒಂದು ಮಾತು, ಬಾಕಿ ತೀರೋ ತನಕ ಹೋಗಂಗಿಲ್ಲ ಅನ್ನೋದು, ಈ ಕಾಯ್ದೆಗೆ ನೇರ ಸಿಗುತ್ತೆ. ಬರವಣಿಗೆ ಬೇಕಿಲ್ಲ, ಬಾಯಿಮಾತೂ ಒಪ್ಪಂದವೇ. ಕೇಸು ಆದರೆ "ಇದು ಜೀತ ಅಲ್ಲ" ಅಂತ ತೋರಿಸೋ ಹೊಣೆ ದುಡ್ಡು ಕೊಟ್ಟವರ ಮೇಲೆ. ಶಿಕ್ಷೆ 3 ವರ್ಷದವರೆಗೆ, ಮೇಲೆ ದಂಡ.

"ಹೆಸರಿಗಷ್ಟು ಕೂಲಿ" ಅಂದರೆ ಎಷ್ಟು? ಸರ್ಕಾರದ ಕನಿಷ್ಠ ವೇತನಕ್ಕಿಂತ ಕಡಿಮೆ ಇದ್ದರೆ ಅದೇ. 1982ರಲ್ಲಿ ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಟ್ಟಡ ಕೂಲಿಗಳ ಕೇಸಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಂಡರೆ ಸಂವಿಧಾನದ 23ನೇ ವಿಧಿ ಹೇಳುವ ಬಲವಂತದ ದುಡಿಮೆಯೇ ಆಯ್ತು ಅಂದಿತು. ಹೊಟ್ಟೆಪಾಡು ತಳ್ಳಿದ್ದೂ ಬಲವಂತವೇ ಅನ್ನೋದು ಅದರ ತರ್ಕ. ಈಗ ನಿಮ್ಮ 400ಕ್ಕೆ ಬನ್ನಿ. ನಡೆಯೋ ರೇಟು ಅಂದ್ರಿ. ತುಟ್ಟಿಭತ್ಯೆ ಸೇರಿ ಈ ಏಪ್ರಿಲ್‌ನಿಂದ ಎಷ್ಟಿದೆ ಅಂತ ಕಾರ್ಮಿಕ ಇಲಾಖೆಯ ಪಟ್ಟಿ ತೆಗೆದು ನೋಡಿ, ನಡೆಯೋ ರೇಟು ಮತ್ತು ಕಾನೂನಿನ ರೇಟು ಬೇರೆ ಬೇರೆ ಇರಬಹುದು. ಅದೂ ಅಲ್ಲದೆ ಒಂದೇ ಕಳೆ ಕೀಳೋಕೆ ಗಂಡಿಗೊಂದು ಹೆಣ್ಣಿಗೊಂದು ಕೂಲಿ ಕೊಡಬಾರದು ಅನ್ನೋ ಕಾನೂನು 1976ರಿಂದ ಇದೆ. ಕೇಳದಿದ್ದಕ್ಕೂ ಉತ್ತರ ಹೇಳೋದು ಹಳೇ ಚಾಳಿ, ಬೇಜಾರಾಗಬ್ಯಾಡ್ರಿ.

ಮಗು ವಿಷಯ ಚಿಕ್ಕದು: 14 ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚಂಗಿಲ್ಲ. ಮನೆಯವರ ಸ್ವಂತ ಕಸುಬಲ್ಲಿ ಶಾಲೆ ಬಿಟ್ಟ ಮೇಲೆ ಸಹಾಯ ಮಾಡಬಹುದು ಅನ್ನೋ ವಿನಾಯಿತಿ ಇದೆ. ನರ್ಸರಿ ನಿಮ್ಮದು, ಅವರದ್ದಲ್ಲ. ಕವರ್ ತುಂಬೋದು ನಿಲ್ಲಿಸಿ.

ಹುಡುಗರದು ಗಂಭೀರ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಗೆ 11 ಲಕ್ಷಣ ಪಟ್ಟಿ ಮಾಡಿದೆ. ನೀವು ಬರೆದದ್ದರಲ್ಲೇ ಗುರುತಿನ ಚೀಟಿ ಕಿತ್ತಿಟ್ಟುಕೊಂಡಿರೋದು ಸ್ಪಷ್ಟವಾಗಿ ಕಾಣ್ತಿದೆ. ಕೂಲಿ ತಡೆಹಿಡಿದಿರೋದು, ಸಾಲದ ಕಟ್ಟು ಇರೋ ಗುಮಾನಿ ಇದೆ. ಮೇಸ್ತ್ರಿಯನ್ನು ಇವತ್ತೇ ಓಡಿಸಬೇಡಿ. ನೀವು ಬೇಡ ಅಂದರೆ ರಾತ್ರೋರಾತ್ರಿ ಹುಡುಗರನ್ನು ಬೇರೆ ಜಿಲ್ಲೆಗೆ ಸಾಗಿಸ್ತಾನೆ, ನೀವು ಕೈ ತೊಳ್ಕೊಂಡಂಗೆ ಆಗುತ್ತೆ ಅಷ್ಟೇ. ಮೊದಲು ಅವರ ಜೊತೆ ಬೇರೆಯಾಗಿ ಮಾತಾಡಿ. ಹೆದರಿಕೆ, ಹೊಡೆತದ ಸುಳಿವು ಸಿಕ್ಕರೆ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿ. ಜೀತದ ಕಾಯ್ದೆಯಲ್ಲಿ ಅಧಿಕಾರ ಇರೋದು ಜಿಲ್ಲಾಧಿಕಾರಿಗೆ ಮತ್ತು ಅವರು ನೇಮಿಸಿದವರಿಗೆ. ಜೀತದಿಂದ ಬಿಡುಗಡೆ ಆಯ್ತು ಅನ್ನೋ ಬಿಡುಗಡೆ ಪತ್ರ ಅವರಿಂದಲೇ ಬರಬೇಕು. ಆ ಪತ್ರ ಇದ್ದರೆ ತಕ್ಷಣದ ನೆರವು, ಪುನರ್ವಸತಿ ಹಣ ಎಲ್ಲಕ್ಕೂ ದಾರಿ. ತುರ್ತು ಇದ್ದರೆ 112.

---

ಜಗಳೂರು ಸೀಮೆ:

ಅಕ್ಕಾ, ನಾನು ಇನ್ನೊಂದು ಬದಿಯವನು. ಮಳೆ ಕೈಕೊಟ್ಟ ವರ್ಷ ನಮ್ಮಪ್ಪ ಅವ್ವ ಗುಳೆ ಹೋಗ್ತಿದ್ದರು, ಚಿಕ್ಕಮಗಳೂರು ಕಡೆ ಕಾಫಿ ತೋಟಕ್ಕೆ. ಅಡ್ವಾನ್ಸ್ ಇಸ್ಕೊಂಡೇ ಹೋಗ್ತಿದ್ದರು, ಯಾರೂ ಬಲವಂತ ಮಾಡಿರಲಿಲ್ಲ. ಸಾವಕಾರರು ಕೆಟ್ಟವರೂ ಅಲ್ಲ, ಹಬ್ಬಕ್ಕೆ ಬಟ್ಟೆ ಕೊಡ್ತಿದ್ದರು. ಕಷ್ಟ ಇದ್ದದ್ದು ಪುಸ್ತಕದಲ್ಲಿ. ಒಂದೇ ಪುಸ್ತಕ, ತೋಟದ ಲೆಕ್ಕ ಬರೆಯೋ ರೈಟರ್ ಹತ್ತಿರ. ಅಪ್ಪನಿಗೆ ಓದಕ್ಕೆ ಬರಲ್ಲ. ಅಕ್ಕಿ ತಗೊಂಡಿದ್ದು, ಜ್ವರದ ಮಾತ್ರೆ ತಗೊಂಡಿದ್ದು, ಮಳೆ ಬಂದು ಕೆಲಸ ನಿಂತ ದಿನದ ಊಟ, ಎಲ್ಲ ಅದರೊಳಗೆ ಹೋಗೋದು. ಸೀಜನ್ ಮುಗಿದಾಗ "ಇನ್ನೂ ಇಷ್ಟೈತಿ, ಮುಂದಿನ ವರ್ಷ ಬಾ" ಅನ್ನೋರು. ಅಪ್ಪ ತಲೆ ಆಡಿಸೋನು. ಇಲ್ಲ ಅನ್ನೋಕೆ ಅವನ ಕೈಯಲ್ಲಿ ಏನಿತ್ತು?

ಅದಕ್ಕೆ ಒಂದು ಮಾತು. ಎರಡು ಪುಸ್ತಕ ಮಾಡಿ. ಒಂದು ನಿಮ್ಮಲ್ಲಿ, ಒಂದು ಶೆಡ್ಡಲ್ಲಿ. ಶನಿವಾರ ಎರಡರಲ್ಲೂ ಒಂದೇ ಸಾಲು ಬೀಳಲಿ. ಆ ಹುಡುಗಿ ಶಾಲೆಗೆ ಹೋಗ್ತಾಳಲ್ಲ, ಕವರಿಗೆ ಮಣ್ಣು ತುಂಬಿಸೋ ಬದಲು ಅವಳ ಕೈಲಿ ಅಪ್ಪ ಅವ್ವನಿಗೆ ಲೆಕ್ಕ ಓದಿಸಿ.

ಒಡಿಶಾ ಹುಡುಗರನ್ನ "ಮೇಸ್ತ್ರಿ ತೊಂದರೆ ಕೊಡ್ತಾನಾ" ಅಂತ ಕೇಳಬೇಡಿ, ಇಲ್ಲ ಅಂತಾರೆ. ರೈಲು ಟಿಕೆಟ್ ಯಾರು ತೆಗೆಸಿದ್ರು, ಅದಕ್ಕೆ ಎಷ್ಟು ಬರೆದಿದ್ದಾರೆ, ಮನೆಗೆ ಕೊನೆಗೆ ದುಡ್ಡು ಕಳಿಸಿದ್ದು ಯಾವಾಗ, ನಾಳೆ ಊರಿಗೆ ಹೋಗ್ತೀನಿ ಅಂದ್ರೆ ಏನಾಗುತ್ತೆ ಅಂತ ಕೇಳಿ. ಎಟಿಎಂ ಕಾರ್ಡ್ ಎಲ್ಲಿದೆ ಅಂತಲೂ ಕೇಳಿ. ಬ್ಯಾಂಕಿಗೆ ಹಾಕಿದ್ವಿ ಅಂತ ಮಾಲೀಕರು ನೆಮ್ಮದಿಯಾಗಿರ್ತಾರೆ, ಕಾರ್ಡು, ಪಿನ್ನು ಎರಡೂ ಮೇಸ್ತ್ರಿ ಜೇಬಲ್ಲಿರ್ತಾವೆ.

---

ಹದಡಿ ರಸ್ತೆ ನರ್ಸರಿ:

ಎಲ್ಲರಿಗೂ ಥ್ಯಾಂಕ್ಸ್. ಏನಾಯ್ತು ಅಂತ ಹೇಳ್ತೀನಿ.

ಮೂವರಲ್ಲಿ ಸ್ವಲ್ಪ ದೊಡ್ಡವನನ್ನು, ಬ್ರಷ್ ಕಟರ್‌ಗೆ ಬ್ಲೇಡ್ ತರೋಣ ಬಾ ಅಂತ ಗಾಡಿ ಮುಂದಿನ ಸೀಟಲ್ಲಿ ಕೂರಿಸಿಕೊಂಡು ಹೋದೆ. ಪಿ.ಬಿ. ರಸ್ತೆ ಟ್ರಾಫಿಕ್ಕಲ್ಲಿ ಒಂದೊಂದೇ ಕೇಳಿದೆ. ಟಿಕೆಟ್ಟು, ಏಜೆಂಟ್ ಖರ್ಚು ಅಂತ ಮೇಸ್ತ್ರಿ ತಲೆಗೆ 12 ಸಾವಿರ ಬರೆದಿದ್ದಾನಂತೆ. ನಾನು ಕೊಡೋ 700ರಲ್ಲಿ ಹುಡುಗನ ಕೈಗೆ ದಿನಕ್ಕೆ 150 ಖರ್ಚಿಗೆ. ಊಟ, ರೂಮು ಕಳೆದು ಉಳಿದದ್ದು ಊರಿಗೆ ಹೋಗುವಾಗ. ಊರಿಗೆ ಯಾವಾಗ ಅಂದೆ. ಕಿಟಕಿ ಕಡೆ ತಿರುಗಿ, ದೀಪಾವಳಿಗೆ ಕೇಳಿದ್ದೆ ಅಂದ. ಹೊಡೆದಿಲ್ಲ, ಆದರೆ ಇವರಲ್ಲೇ ಒಬ್ಬ ಹೊರಟು ನಿಂತಾಗ ಮೊಬೈಲ್ ಕಿತ್ಕೊಂಡಿದ್ದನಂತೆ. ಉಪವಿಭಾಗಾಧಿಕಾರಿ ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟಿದ್ದೀನಿ, ಹಿಂಬರಹದ ಪ್ರತಿ ನನ್ನ ಹತ್ತಿರ ಇದೆ. ಹುಡುಗರ ಹೇಳಿಕೆ ಆಗಿದೆ, ವಿಚಾರಣೆ ನಡೀತಿದೆ. ಸದ್ಯ ಮೂವರೂ ನಮ್ಮ ಕಾಯಂ ಗಂಡಾಳಿನ ಮನೆ ಮಹಡಿ ಮೇಲಿದ್ದಾರೆ. ಇಬ್ಬರು ನಮ್ಮಲ್ಲೇ ನೇರ ಕೂಲಿಗೆ ಇರ್ತೀವಿ ಅಂದರು, ಒಬ್ಬ ಊರಿಗೆ ಹೋಗಬೇಕು ಅಂದ.

ಇನ್ನು ಶೆಡ್ಡಿನವರು. ಎರಡು ಪುಸ್ತಕ ಮಾಡಿಸಿ, ಮಗಳ ಕೈಲಿ ಓದಿಸಿ, "ಬಾಕಿ ಇದ್ದರೂ ನೀವು ಯಾವತ್ತು ಬೇಕಾದರೂ ಹೋಗಬಹುದು, ತಡೆಯಲ್ಲ" ಅಂದೆ. ಆಯಮ್ಮ ಖುಷಿ ಪಡ್ತಾಳೆ ಅಂದ್ಕೊಂಡಿದ್ದೆ. ಮುಖ ಸಣ್ಣ ಮಾಡ್ಕೊಂಡು, "ಯಾಕ್ರಿ ಅಕ್ಕಾರೆ, ನಮ್ಮನ್ನ ಬಿಡಿಸ್ತೀರೇನು?" ಅಂತ ಕೇಳಿದಳು. ಬಿಡಿಸಲ್ಲ ಮಾರಾಯ್ತಿ ಅಂತ ನಂಬಿಸೋಕೆ ಒಂದು ಸಂಜೆ ಹೋಯ್ತು.

ಚನ್ನಗಿರಿ ಅಣ್ಣಾರೆ, ನಿಮ್ಮ ಮಾತೂ ನಿಜ, ಓಡಿಹೋದರೆ ದುಡ್ಡು ಹೋಗುತ್ತೆ. ಯಜಮಾನ್ರು ಅದನ್ನೇ ಹಿಡ್ಕೊಂಡು ಎರಡು ದಿನ ಮಾತು ಬಿಟ್ಟಿದ್ದರು. ಈಗ ನನ್ನ ಲೆಕ್ಕ ಇದು: ಹೋದರೆ ಹೋಗಲಿ ಅನ್ನೋ ಅಷ್ಟೇ ಕೊಡೋದು, ಒಂದು ತಿಂಗಳ ಕೂಲಿ ಮೀರಂಗಿಲ್ಲ. ಹೆಣ್ಣಾಳಿನ ಕೂಲಿ ಏರಿಸಿದ್ದೀನಿ, ಗಂಡಾಳಿನಷ್ಟು ಇನ್ನೂ ಆಗಿಲ್ಲ. ಮನೆಗಳ ಮಾಸಿಕ ರೇಟು ಏರಿಸಿದೆ, ಒಬ್ಬರು ಬಿಟ್ಟರು. ಗಾರ್ಡನ್ನಿಗೆ ಅಷ್ಟು ಯಾಕೆ ಅಂದರು. ಅವರ ಮನೆ ನಾಯಿಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತೆ ಅಂತ ನನಗೆ ಗೊತ್ತು.

ಒಂದು ಪ್ರಶ್ನೆ ಉಳಿದಿದೆ. ಮೇಸ್ತ್ರಿ ಫೋನ್ ಮಾಡಿ, "ಮೂವರ ಮೇಲೆ 40 ಸಾವಿರ ಐತಿ, ಅದನ್ನ ಕೊಟ್ಟು ಹುಡುಗರನ್ನ ಇಟ್ಕೊಳ್ರಿ, ಆಧಾರ್ ಕಳಿಸ್ತೀನಿ" ಅಂದ. ಯಜಮಾನ್ರು, ಕೊಟ್ಟು ಪೀಡೆ ಕಳ್ಕೊಳ್ಳೋಣ, ಆಮೇಲೆ ಕೂಲೀಲಿ ಹಿಡ್ಕೊಂಡರಾಯ್ತು ಅಂತಿದ್ದಾರೆ.

---

ಖೇಣಿ ಮಾಡೋನು, ಚನ್ನಗಿರಿ:

ಕೊಡಬ್ಯಾಡ್ರಿ. ಇಷ್ಟು ಮಾತ್ರ ನಾನೂ ಹೇಳ್ತೀನಿ.

---

ಹಳೇ ಲೇಬರ್ ಆಫೀಸು:

ಒಂದು ರೂಪಾಯಿನೂ ಕೊಡಬೇಡಿ. ಕೊಟ್ಟು ಕೂಲೀಲಿ ಹಿಡ್ಕೊಂಡರೆ ಸಾಲಗಾರ ಬದಲಾಗಲ್ಲ, ಸಾಲ ಕೊಟ್ಟವರು ಬದಲಾಗ್ತಾರೆ, ಅದು ನೀವಾಗ್ತೀರಿ. ಜೀತದ ಸಾಲ ಅಂತ ತೀರ್ಮಾನವಾದರೆ ಅದು ಕಾನೂನಿನಲ್ಲಿ ಸತ್ತ ಸಾಲ. ಅದನ್ನು ವಸೂಲಿ ಮಾಡೋದೇ ಬೇರೆ ಅಪರಾಧ, ಅದಕ್ಕೂ 3 ವರ್ಷದವರೆಗೆ ಜೈಲಿದೆ. ಫೋನ್ ಬಂದ ತಾರೀಖು, ಹೊತ್ತು, ಕೇಳಿದ ಮೊತ್ತ ಬರೆದಿಟ್ಟು ವಿಚಾರಣೆಯವರಿಗೆ ಕೊಡಿ. ನೀವು ಇಷ್ಟು ದಿನ ಮೇಸ್ತ್ರಿಗೆ ಹಾಕಿದ ಫೋನ್‌ಪೇ ವಿವರವನ್ನೂ ಪ್ರಿಂಟ್ ತೆಗೆದು ಜೋಡಿಸಿ. ಹುಡುಗರ ಹೆಸರಲ್ಲಿ ಎಷ್ಟು ಬಂದಿದೆ, ಎಷ್ಟು ಅವರಿಗೆ ಸೇರಿಲ್ಲ ಅನ್ನೋದಕ್ಕೆ ಅದಕ್ಕಿಂತ ದಾಖಲೆ ಬೇಡ.

ಆಧಾರ್ ಕಾರ್ಡಿಗಾಗಿ ಅವನ ಕಾಲು ಹಿಡಿಯೋ ಅಗತ್ಯ ಇಲ್ಲ. ಹುಡುಗರನ್ನು ಆಧಾರ್ ಸೇವಾ ಕೇಂದ್ರಕ್ಕೆ ಕರ್ಕೊಂಡು ಹೋಗಿ. ಲಿಂಕ್ ಆಗಿರೋ ಮೊಬೈಲ್ ನಂಬರ್ ಮೇಸ್ತ್ರಿದೇ ಇರುತ್ತೆ, ಬೆರಳಚ್ಚು ಕೊಟ್ಟು ಮೊದಲು ಅದನ್ನು ಬದಲಿಸಲಿ, ಆಮೇಲೆ ಕಾರ್ಡ್ ಪ್ರಿಂಟ್ ತೆಗೆಸಿಕೊಳ್ಳಲಿ. ಬ್ಯಾಂಕಲ್ಲೂ ಹಳೇ ಎಟಿಎಂ ಕಾರ್ಡ್ ಬ್ಲಾಕ್ ಮಾಡಿಸಿ, ನಂಬರ್ ಬದಲಿಸಿ. ಊರಿಗೆ ಹೋಗೋ ಹುಡುಗನನ್ನು ಬಿಡುಗಡೆ ಪತ್ರದ ವಿಷಯ ಇತ್ಯರ್ಥ ಆಗೋ ಮುಂಚೆ ರೈಲು ಹತ್ತಿಸಬೇಡಿ ಅಂತ ಹೇಳೋಕೆ ನನಗೂ ಹಕ್ಕಿಲ್ಲ, ಅವನು ಹೋಗ್ತೀನಿ ಅಂದರೆ ಹೋಗಲಿ. ಅವನ ಊರಿನ ವಿಳಾಸ, ಅವನದೇ ಫೋನ್ ನಂಬರ್ ಕಚೇರಿಯಲ್ಲಿ ಬರೆಸಿಟ್ಟು ಕಳಿಸಿ.